ಅಕ್ಕನ ಕೊರಳಿನ ಮಿಷಿನ್

ನೋಡಿದವರಿಗೆಲ್ಲ ಅದು ಬ್ಯಾಟರಿಯೇ. ಕತ್ತಲಲ್ಲಿ ಹೊಲಕ್ಕೆ ನೀರು ಬಿಡಲು ಹೋಗುವವರು ಕೈಯಲ್ಲಿ ಹಿಡಿಯುತ್ತಾರಲ್ಲ, ಅಂಥದ್ದು. ಅಕ್ಕ ಅದನ್ನು ದಾರ ಕಟ್ಟಿ ಕೊರಳಲ್ಲೇ ಹಾಕಿಕೊಂಡಿರುತ್ತಾಳೆ, ಜಳಕಕ್ಕೆ ಹೋದಾಗ ಮಾತ್ರ ಗೂಡಿನಲ್ಲಿ ಇಡುತ್ತಾಳೆ. ಆ ಹೊತ್ತಿಗೇ ಮನೆಗೆ ಬಂದ ಯಾರಾದರೂ ಎತ್ತಿಕೊಂಡು ಗುಂಡಿ ಒತ್ತಿ ನೋಡುತ್ತಾರೆ. ಬೆಳಕು ಬರುವುದಿಲ್ಲ; ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಎನ್ನುತ್ತದೆ. ಹೌಹಾರಿ ಕೆಳಗಿಡುತ್ತಾರೆ. ಆಗ ನನಗೆ ಎಲ್ಲಿಲ್ಲದ ಸಿಟ್ಟು. "ಮಂದೀ ನಾಲಿಗಿ ಹಿಂಗ ಎತ್ತಿ ಆಡಸ್ತಾರೇನ್ರಿ?" ಎಂದು ಬೀಗರಿರಲಿ, ಬಿಜ್ಜರಿರಲಿ, ಕೇಳಿಯೇ ಬಿಡುತ್ತೇನೆ. ಯಾಕೆಂದರೆ ಅದು ನಮ್ಮ ಅಕ್ಕನ ಮಾತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಕಲ್ಲೋಳಿಯಲ್ಲಿ ನಮ್ಮದು ಒಂದೇ ಅಂಗಳ, ಎರಡು ಒಲೆ, ನಡುವೆ ಒಂದು ಗೋಡೆ. ಭಾವನದು ಕಾಳುಕಡಿಯ ಸಣ್ಣ ಅಂಗಡಿ, ಹಿತ್ತಲಲ್ಲಿ ಎಮ್ಮೆ, ಮೂಡಲಗಿ ದಾರಿಯಲ್ಲಿ ಅರಿಷಿಣ ಗೋವಿನಜೋಳ ಬೆಳೆಯುವ ಹೊಲ. ನಾನು ಮನೆಯಲ್ಲೇ ಕೂತು ಜಂಪರ ಹೊಲಿಯುವವಳು. ನೆಗೆಣ್ಣಿಯರು ನಾವು ಜಗಳವನ್ನೇ ಆಡಿಲ್ಲ ಎಂದು ನಾನು ಬರೆದರೆ ನಮ್ಮ ಓಣಿಯವರು ನಕ್ಕು ನಕ್ಕು ಸಾಯುತ್ತಾರೆ. ಆಡಿದ್ದೇವೆ, ಹೊಟ್ಟೆ ತುಂಬ ಆಡಿದ್ದೇವೆ. ಒಲೆಯ ಬೂದಿಯಿಂದ ಹಿಡಿದು ಕೋಳಿ ಯಾರ ಅಂಗಳದಲ್ಲಿ ತತ್ತಿ ಇಟ್ಟಿತು ಎನ್ನುವತನಕ. ಗೆಲ್ಲುವವಳು ಯಾವಾಗಲೂ ಆಕೆಯೇ. ಆಕೆಯ ದನಿ ಹಾಗಿತ್ತು. ಈ ಬದುವಿನಲ್ಲಿ ನಿಂತು "ಬರ್ರೇ ಎಲ್ಲಾರೂ, ಬುತ್ತಿ ಬಿಚ್ಚೂಣು" ಎಂದರೆ ಆ ತುದಿಯಲ್ಲಿ ಕಳೆ ತೆಗೆಯುವ ಹೆಂಗಸರು ಕುರ್ಪಿ ಕೆಳಗಿಟ್ಟು ಏಳುತ್ತಿದ್ದರು. ಎಮ್ಮೆ ಕೂಡ ಆಕೆ ಕರೆಯದೆ ಹಾಲು ಬಿಡುತ್ತಿರಲಿಲ್ಲ.

ಆ ದನಿಯ ಚೆಂದ ಕೇಳಬೇಕಾದರೆ ಒಡಪು ಕೇಳಬೇಕಿತ್ತು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಎತ್ತುವುದಿಲ್ಲ. ಲಗ್ನವೋ ಉಡಿ ತುಂಬುವ ಕಾರ್ಯವೋ ಇದ್ದಾಗ ಮಾತ್ರ ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳಿ ಒಳಗ ಬಾ" ಎಂದು ಹಟ ಹಿಡಿಯುತ್ತಾರೆ. ಆಗ ಪ್ರಾಸ ಕಟ್ಟಿ ಎರಡು ಮೂರು ಸಾಲು ಹೇಳಿ, ಕೊನೆಗೆ ಗಂಡನ ಹೆಸರು ಕೂಡಿಸಬೇಕು. ಅದೇ ಒಡಪು. ನಾನಾದರೆ ನನ್ನ ಅವ್ವ ಕಲಿಸಿದ ಒಂದನ್ನೇ ಇಂದಿಗೂ ತಿರುಗಿಸಿ ತಿರುಗಿಸಿ ಹೇಳುತ್ತೇನೆ. ಅಕ್ಕ ಮಾತ್ರ ಹೇಳಿದ್ದನ್ನು ಮತ್ತೆ ಹೇಳಿದವಳಲ್ಲ. ನಿಂತ ಕಾಲ ಮೇಲೆ ಹೊಸದು ಕಟ್ಟುವಳು. ಆಕೆಯ ಸರದಿ ಬಂದಾಗ ಭಾವ ಹೊರಗೆ ಕಟ್ಟೆಯ ಮೇಲೆ ಗಂಡಸರ ನಡುವೆ ಕೂತವರು ಹೇಗೋ ಎದ್ದು ಬಾಗಿಲ ಹತ್ತಿರ ಬರುತ್ತಿದ್ದರು. ನೀರು ಬೇಕಾಗಿತ್ತು ಎನ್ನುತ್ತಿದ್ದರು, ಚಪ್ಪಲಿ ಕಾಣಲಿಲ್ಲ ಎನ್ನುತ್ತಿದ್ದರು. ಹೆಸರು ಕಿವಿಗೆ ಬಿದ್ದ ಮೇಲೆ ನೀರೂ ಕುಡಿಯದೆ ತಿರುಗಿ ಹೋಗುತ್ತಿದ್ದರು. ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಆ ದನಿ ಒಂದು ಚಳಿಗಾಲ ಒಡೆಯಿತು. ನೆಗಡಿ ಎಂದುಕೊಂಡೆವು. ಕಷಾಯ ಕುಡಿಸಿದೆವು, ಉಪ್ಪು ನೀರು ಮುಕ್ಕಳಿಸಿದಳು. ದನಿ ತಿರುಗಿ ಬರಲಿಲ್ಲ, ನುಂಗುವುದೂ ಕಷ್ಟವಾಯಿತು. ಗೋಕಾಕಿನ ಡಾಕ್ಟರು ಗಂಟಲಲ್ಲಿ ಬೆಳಕು ಬಿಟ್ಟು ನೋಡಿ, ಬೆಳಗಾವಿಗೆ ಹೋಗಿ ಎಂದರು. ಅಲ್ಲಿ ಅದು ಕ್ಯಾನ್ಸರ್ ಎಂದರು. ಅಕ್ಕನಿಗೆ ಮಿಶ್ರಿ ತಿಕ್ಕುವ ಚಟ ಇತ್ತು. ತಂಬಾಕು ಸುಟ್ಟು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು ನಮ್ಮ ಕಡೆ ಹೆಂಗಸರಲ್ಲಿ ಬಹಳ. ಅದರಿಂದಲೇ ಆಯಿತು ಎಂದು ಡಾಕ್ಟರು ಆಣೆ ಮಾಡಿ ಹೇಳಲಿಲ್ಲ. ನಾನು ಮಾತ್ರ ಊರಿಗೆ ಬಂದವಳೇ ಆ ಮಿಶ್ರಿ ಡಬ್ಬಿಯನ್ನು ತಿಪ್ಪೆಗೆ ಎಸೆದೆ.

ಗಂಟಲಲ್ಲಿರುವ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಇನ್ನು ಮೇಲೆ ಉಸಿರು ಮೂಗಿನಿಂದಲ್ಲ, ಕೊರಳಿನ ಕೆಳಗೆ ಮಾಡುವ ತೂತಿನಿಂದ ಎಂದು ಡಾಕ್ಟರು ತಿಳಿಸಿ ಹೇಳಿದರು. ಭಾವ ಗೋಡೆ ಹಿಡಿದು ನಿಂತರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅಕ್ಕ ಕರಕರ ದನಿಯಲ್ಲಿ ಕೇಳಿದ್ದು ಇಷ್ಟೇ: "ತಗದ್ರ ಬದಕತೇನಿ ಹೌದಲ್ರಿ? ಹಂಗಾರ ತಗೀರಿ. ಮಗಳ ಲಗ್ನ ಇನ್ನಾ ಐತಿ."

ಅದೇ ಆಕೆಯ ಸ್ವಂತ ದನಿಯಲ್ಲಿ ನಾನು ಕೇಳಿದ ಕಡೆಯ ಮಾತು.

ಆಪರೇಶನ್ ಆಗಿ ಮನೆಗೆ ಬಂದ ಮೇಲೆ ಅಂಗಳ ಬಿಕೋ ಎಂದಿತು. ಅಕ್ಕ ಕರೆಯಬೇಕಾದರೆ ತಾಟು ಬಡಿಯುತ್ತಿದ್ದಳು. ಒಲೆ ಊದಲು ಬಾಯಿಯಲ್ಲಿ ಉಸಿರಿಲ್ಲ, ನಾನು ಹೋಗಿ ಊದಿ ಬರುತ್ತಿದ್ದೆ. ಕೊರಳಿನ ತೂತಿಗೆ ನೀರು ಹೋಗಬಾರದು, ಧೂಳು ಹೋಗಬಾರದು. ಆಸ್ಪತ್ರೆಯವರು ಕೊಟ್ಟ ಬಿಳಿ ಬಟ್ಟೆ ಕಟ್ಟಿಕೊಂಡು ಕೂತರೆ ರೋಗಿಷ್ಟೆಯಂತೆ ಕಾಣುವಳು, ನನಗೆ ನೋಡಲಾಗಲಿಲ್ಲ. ಆಕೆಯ ಒಂದೊಂದು ಸೀರೆಗೂ ಹೊಂದುವ ಜಂಪರದ ತುಂಡು ತೆಗೆದು, ತೆಳುವಾಗಿ ಮಡಿಸಿ, ಕೊರಳಿಗೆ ಕಟ್ಟುವ ಪಟ್ಟಿ ಹೊಲಿದುಕೊಟ್ಟೆ. ಹಸಿರು ಸೀರೆಗೆ ಹಸಿರು ಪಟ್ಟಿ, ನೀಲಿಗೆ ನೀಲಿ. ಅಕ್ಕ ಕನ್ನಡಿ ನೋಡಿ ಕೈಯಲ್ಲೇ 'ಅಡ್ಡಿಯಿಲ್ಲ' ಎಂದಳು. ಸಿಟ್ಟು ಬರಿಸುವವರು ಬೇರೆ ಇದ್ದರು. ಅಂಗಡಿ ಕಟ್ಟೆಗೆ ಕೂಡುವ ಗಂಡಸರು ಭಾವನಿಗೆ, "ಏನಪಾ, ದೈವ ತೆರೀತು ನಿಂದು. ಮನ್ಯಾಗ ಇನ್ನ ಶಾಂತಿನ ಶಾಂತಿ" ಎಂದು ನಗುವರು. ಒಂದು ಸಲ ನಾನು ಅಲ್ಲೇ ಇದ್ದೆ. "ನಿಮ್ಮ ಗಂಟಲಾನೂ ತಗಸ್ರಿ, ಊರಿಗೆಲ್ಲಾ ಶಾಂತಿ ಸಿಗತೈತಿ" ಎಂದೆ. ಆಮೇಲೆ ಆ ನಗೆ ನನ್ನ ಮುಂದೆ ಬರಲಿಲ್ಲ.

ಗಾಯ ಮಾಗಿದ ಮೇಲೆ ಬೆಳಗಾವಿ ಆಸ್ಪತ್ರೆಯವರು ಮಿಷಿನ್ ಕೊಡಿಸಿದರು. ಅದನ್ನು ಗದ್ದದ ಕೆಳಗೆ ಕೊರಳಿಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ತುದಿ ನಡುಗುತ್ತದೆ. ಆ ನಡುಕ ಬಾಯಿಯೊಳಗೆ ಗುಂಯ್ ಎಂದು ತುಂಬುತ್ತದೆ. ಸದ್ದು ದೊಡ್ಡದು ಮಾಡಲು ಪಕ್ಕದಲ್ಲಿ ತಿರುಗಿಸುವ ಇನ್ನೊಂದು ಗುಂಡಿ. ನಾಲಿಗೆ, ತುಟಿ, ಹಲ್ಲು ಎಲ್ಲ ಆಕೆಯವೇ ಇವೆಯಲ್ಲ, ಅವು ಆ ಗುಂಯ್ ಅನ್ನೇ ತಿದ್ದಿ ಮಾತು ಮಾಡಬೇಕು. ಕೇಳಲು ಸರಳ. ಕೊರಳಿನ ಯಾವ ಜಾಗದಲ್ಲಿ ಒತ್ತಿದರೆ ದನಿ ಒಳಗೆ ಹೋಗುತ್ತದೆ ಎಂದು ಹುಡುಕಬೇಕು. ಒಂದು ಬೆರಳು ಆಚೆ ಹೋದರೆ ಬರೀ ಗದ್ದಲ. ಮಾತಿನ ನಡುವೆ ಗುಂಡಿ ಬಿಡಬೇಕು, ಇಲ್ಲದಿದ್ದರೆ ಎಲ್ಲ ಕಲಸಿ ಅಂಬಲಿ. ಕಲಿಸುವ ಹುಡುಗಿ ಬಹಳ ತಾಳ್ಮೆಯವಳು. "ಅವಸರ ಬ್ಯಾಡ್ರಿ ಅಮ್ಮಾರ, ಬಾಯಿ ದೊಡ್ಡದ ತಗೀರಿ, ಸಣ್ಣ ಸಣ್ಣ ಮಾತ ಆಡ್ರಿ" ಎನ್ನುವಳು. ಹುಟ್ಟಿದಾಗಿನಿಂದ ಸಣ್ಣ ಮಾತೇ ಆಡದವಳಿಗೆ ಇಂಥ ಪಾಠ!

ಅಕ್ಕ ಯಾರ ಮುಂದೆಯೂ ಕಲಿಯಲಿಲ್ಲ. ಹಿತ್ತಲ ಗೋದಲಿಯ ಹತ್ತಿರ ಎಮ್ಮೆಯ ಮುಂದೆ ಕೂತು ಕಲಿತಳು. ಮೊದಮೊದಲು ಎಮ್ಮೆ ಗೂಟ ಕೀಳುವಂತೆ ಹಗ್ಗ ಜಗ್ಗಿತು, ಗುಂಗಾಡು ಹತ್ತಿತೆಂದು ಬಾಲ ಬೀಸಿತು. ಅಕ್ಕ ಬಿಡಲಿಲ್ಲ. ಬೆಳಿಗ್ಗೆ ಸಗಣಿ ಬಳಿಯುವ ಮೊದಲು, ಮಧ್ಯಾಹ್ನ ಮಂದಿ ಮಲಗಿದಾಗ, ಗುಂಯ್ ಗುಂಯ್ ಎಂದು ಗೋಡೆಯಾಚೆ ಕೇಳುತ್ತಲೇ ಇತ್ತು. ನಾನು ಹೊಲಿಗೆ ಮಿಷಿನ್ ತುಳಿಯುವುದು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಮಾತು ತಿಳಿಯುತ್ತಿರಲಿಲ್ಲ. ಒಂದು ದಿನ ಎಮ್ಮೆ ಸುಮ್ಮನೆ ನಿಂತಿತು. ಮರುದಿನ ಆಕೆ ಹಾಲು ಹಿಂಡಿಕೊಂಡು ಬಂದಳು. ನಮ್ಮ ಮನೆಯಲ್ಲಿ ಆ ದನಿಯನ್ನು ಮೊದಲು ಒಪ್ಪಿಕೊಂಡದ್ದು ಎಮ್ಮೆ.

ಆಮೇಲೆ ಒಂದು ಮಧ್ಯಾಹ್ನ ನಾನು ಬೇಳೆಸಾರು ಮಾಡಿ ಒಂದು ಬಟ್ಟಲು ಆಕೆಗೆ ಒಯ್ದುಕೊಟ್ಟೆ. ಒಂದು ಗುಟುಕು ಕುಡಿದಳು. ಬಟ್ಟಲು ಕೆಳಗಿಟ್ಟು, ಮಿಷಿನ್ ಕೊರಳಿಗೆ ಒತ್ತಿ, ನನ್ನ ಮುಖ ನೋಡಿ ಹೇಳಿದಳು.

"ಉಪ್ಪು. ಕಡಿಮಿ. ಆಗೇತಿ."

ಅಯ್ಯ ಇವಳ! ತಿಂಗಳುಗಟ್ಟಲೆ ಬಾಯಿಲ್ಲದೆ ಕೂತವಳು, ಮೊದಲ ಮಾತಿಗೆ ನನ್ನ ಸಾರನ್ನೇ ಹಿಡಿದಳು. ಸಿಟ್ಟು ಬಂತು, ಅದರ ಬೆನ್ನಿಗೆ ಅಳು ಬಂತು. "ಸಾಯಲಿ, ಇನ್ನೊಂದ ಸಲ ಹೇಳ ಯಕ್ಕಾ" ಎಂದೆ. ಹೇಳಿದಳು. ಆ ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು, ಕಡಿಮೆ ಆಗಿತ್ತೆಂದು ನಾನು ಇಂದಿಗೂ ಒಪ್ಪುವುದಿಲ್ಲ.

ನನಗೆ ಆಕೆಯ ಮೇಲೆ ಗೌರವ ಹುಟ್ಟಿದ್ದು ಆಗಿನಿಂದ. ಮಿಷಿನ್ನಿನ ದನಿಗೆ ಏರಿಲ್ಲ, ಇಳಿವಿಲ್ಲ. ನಗುವಾಗಲೂ ಅದೇ, ಬೈಯುವಾಗಲೂ ಅದೇ. ಒಂದು ಕೈ ಯಾವಾಗಲೂ ಕೊರಳಿಗೇ ಬೇಕು. ರೊಟ್ಟಿ ಬಡಿಯಲು ಎರಡೂ ಕೈ ಬೇಕು. ಅಂದಮೇಲೆ ಮಾತು ಬೇಕೆಂದರೆ ರೊಟ್ಟಿ ನಿಲ್ಲಬೇಕು, ರೊಟ್ಟಿ ಬೇಕೆಂದರೆ ಮಾತು ನಿಲ್ಲಬೇಕು. ಅಕ್ಕ ಆಡುವ ಮುನ್ನ ಮನಸ್ಸಿನಲ್ಲೇ ಹೊಂದಿಸಿಕೊಳ್ಳತೊಡಗಿದಳು. ಹಿಟ್ಟು ಮೆತ್ತಿದ ಕೈಯಲ್ಲಿ ಮಿಷಿನ್ ಎತ್ತಿದಳೆಂದರೆ ಬರುವ ಮಾತು ತೂಕದ್ದೇ ಎಂದು ನಮಗೆಲ್ಲ ಗೊತ್ತಾಯಿತು. ಎಲ್ಲರೂ ಸುಮ್ಮನಾಗಿ ಕೇಳುತ್ತಿದ್ದೆವು. ಮೊದಲು ಇಡೀ ಹೊಲ ಕೇಳುವಂತೆ ಕೂಗಿದಾಗಲೂ ಆಕೆಯ ಮಾತನ್ನು ನಾವು ಇಷ್ಟು ಕೇಳಿಸಿಕೊಂಡಿರಲಿಲ್ಲ. ಒಂದನ್ನು ಮಾತ್ರ ಆಕೆ ಬಿಟ್ಟುಬಿಟ್ಟಳು, ಒಡಪು. ಯಾವ ಕಾರ್ಯದಲ್ಲಿ ಕೇಳಿದರೂ ಕೈ ಮುಗಿದು ಸರಿದು ನಿಲ್ಲುವಳು. "ಈ ದನೀಲೆ. ಹೆಸರ ಹೇಳಿದ್ರ. ಬೈದಂಗ ಆಗತೈತಿ" ಎಂದಳು ನನಗೊಬ್ಬಳಿಗೆ. ಭಾವ ಬಾಗಿಲ ಹತ್ತಿರ ಬರುವುದನ್ನು ಬಿಟ್ಟರು.

ಇನ್ನು ಮಗಳ ಲಗ್ನದ ಮಾತು. ನಮ್ಮ ಹುಡುಗಿ ಗೋಕಾಕಿಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬಂದು ಓದು ಮುಗಿಸಿದ್ದಳು. ಮೊದಲು ಹೆದ್ದಾರಿ ಕಡೆಯ ಊರಿನಿಂದ ಒಂದು ನೆಂಟಸ್ತನ ಬಂತು. ಅಕ್ಕ ಮಿಷಿನ್ ಹಿಡಿದು "ಬರ್ರಿ, ಕೂಡ್ರಿ" ಎಂದಳು. ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಲಕ್ಕಿ ತಾಟಿನಲ್ಲೇ ಉಳಿಯಿತು. ನಾಲ್ಕು ದಿನ ಬಿಟ್ಟು ಹೇಳಿ ಕಳಿಸಿದರು: ಆ ರೋಗ ಅಂಟುತ್ತದಂತೆ, ತಾಯಿ ಹೀಗಿದ್ದರೆ ಮಗಳೂ ಹೀಗೇ ಆಗುತ್ತಾಳಂತೆ. ಭಾವ ಅಂದು ಉಣ್ಣಲಿಲ್ಲ.

ಎರಡನೆಯದು ಹುಕ್ಕೇರಿಯಿಂದ ಬಂತು. ಹುಡುಗ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟವನು. ಫೋಟೋ ನೋಡಿ ನಮ್ಮ ಹುಡುಗಿಯ ಮುಖ ಅರಳಿದ್ದನ್ನು ನಾನೇ ಕಂಡೆ. ಭಾವನೂ ಕಂಡರು. ಅದಕ್ಕೇ ಹೆದರಿದರು. ಅವರು ಬರುವ ದಿನ ಬೆಳಿಗ್ಗೆ ಮಿಷಿನ್ ಅನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. "ಇವತ್ತೊಂದ ದಿನಾ ಸುಮ್ಮ ಕುಂಡರ. ಮಗಳ ಸಲುವಾಗಿ" ಎಂದು ಅಕ್ಕನ ಮುಂದೆ ಕೈ ಮುಗಿದರು. ಅಕ್ಕ ಏನೂ ಮಾಡಲಿಲ್ಲ, ಕೂತಳು.

ಅದು ಶ್ರಾವಣ ಸೋಮವಾರ. ಅಕ್ಕ ಉಪವಾಸ, ಹಣೆಯ ತುಂಬ ವಿಭೂತಿ. ಉಟ್ಟದ್ದು ಕೇಸರಿ ಬಣ್ಣದ ಸೀರೆ. ಅದಕ್ಕೆ ಹೊಂದುವ ಕೇಸರಿ ಪಟ್ಟಿ ಕೊರಳಿಗೆ, ನಾನೇ ಹೊಲಿದದ್ದು. ಹುಕ್ಕೇರಿಯವರು ಬಂದರು. ಅವರ ಮನೆಯ ಯಜಮಾನಿಕೆ ಹುಡುಗನ ಅಜ್ಜಿಯದು. ಎಲ್ಲರೂ ಆಯಿ ಆಯಿ ಎನ್ನುತ್ತಿದ್ದರು. ಬಾಗಿದ ಬೆನ್ನು, ಹದ್ದಿನಂಥ ಕಣ್ಣು. ಹುಡುಗಿಯನ್ನು ನೋಡಿದ ಮೇಲೆ ಆಯಿ ಅಕ್ಕನ ಕಡೆ ತಿರುಗಿ, "ಯಾಕ್ರಿ ಬೀಗರ, ತಾಯಿ ಬಾಯೇ ಬಿಡವಲ್ಲರಲ್ಲ?" ಎಂದಳು.

ಭಾವನ ಬಾಯಲ್ಲಿ ಆ ಮಾತು ಎಲ್ಲಿಂದ ಬಂತೋ ದೇವರೇ ಬಲ್ಲ. "ಮೌನ ಐತ್ರಿ ಆಕಿಂದು. ಶ್ರಾವಣಾ ನೋಡ್ರಿ" ಎಂದರು.

ಸತ್ಯದ ತಲೆಯ ಮೇಲೆ ಹೊಡೆದಂಥ ಸುಳ್ಳು. ನಮ್ಮ ಕಡೆ ಮಠದ ಸ್ವಾಮಿಗಳು ಶ್ರಾವಣದಲ್ಲಿ ಮೌನ ಹಿಡಿದು ಅನುಷ್ಠಾನಕ್ಕೆ ಕೂಡುವುದುಂಟು. ಸಂಸಾರ ಮಾಡಿಕೊಂಡ ಹೆಂಗಸು ಮೌನ ಹಿಡಿದಾಳೆಂದರೆ! ಆಯಿ ವಿಭೂತಿ ನೋಡಿದಳು, ಕೇಸರಿ ಸೀರೆ ನೋಡಿದಳು, ಕೊರಳಿನ ಕೇಸರಿ ಪಟ್ಟಿ ನೋಡಿದಳು. ಪಟ್ಟಿಯ ಹಿಂದೆ ಅಕ್ಕನ ಉಸಿರು ಸುಂಯ್ ಸುಂಯ್ ಎನ್ನುತ್ತಿತ್ತು. "ಒಳಗ ಜಪಾ ನಡದೈತಿ" ಎಂದು ಆಯಿ ತನ್ನವರಿಗೆ ಪಿಸುಗುಟ್ಟಿದಳು. ನಾವು ತಡೆಯುವಷ್ಟರಲ್ಲಿ ಮುದುಕಿ ಗೋಡೆ ಹಿಡಿದು ಎದ್ದು, ಬಾಗಿದ ಬೆನ್ನನ್ನು ಇನ್ನೂ ಬಾಗಿಸಿ, ಅಕ್ಕನ ಕಾಲ ಮೇಲೆ ಹಣೆ ಇಟ್ಟಳು. ಅಕ್ಕ ಬೆಂಕಿ ತುಳಿದವಳಂತೆ ಕಾಲು ಎಳೆದುಕೊಂಡು ತಲೆ ಅಲ್ಲಾಡಿಸಿದಳು, ಬೇಡ ಬೇಡವೆಂದು ಕೈ ಆಡಿಸಿದಳು. "ನೋಡ್ರಿ, ಎಷ್ಟ ನಿಗರ್ವಿ" ಎಂದಳು ಆಯಿ. ನನಗೆ ನಗು ಬರುತ್ತಿತ್ತು, ಅಕ್ಕನ ಕಣ್ಣು ನೋಡಿದ ಮೇಲೆ ನಗು ಅಲ್ಲೇ ಸತ್ತಿತು.

ಒಪ್ಪಿಗೆ ಅಲ್ಲೇ ಆಯಿತು. ಆಯಿ ಹೊರಡುವಾಗ ಇನ್ನೊಂದು ಮಾತು ಹೇಳಿದಳು. "ನಮ್ಮಲ್ಲಿ ಪಂಚಾಂಗ ನೋಡಾಂಗಿಲ್ಲರಿ. ಶ್ರಾವಣಾ ಮುಗದ ಮರುವಾರ ಸೋಮಾರ ನಮ್ಮ ಮನ್ಯಾಗ ನಿಶ್ಚೆ ಮಾಡೂಣು. ತಾಯಿ ಮೌನ ನಮ್ಮ ಮನ್ಯಾಗನ ಬಿಡ್ಲಿ. ಅವರ ಮದಲನೇ ಮಾತ ನಮ್ಮ ಮಕ್ಕಳ ತಲಿ ಮ್ಯಾಲ ಬೀಳ್ಲಿ."

ಅವರ ಗಾಡಿ ಓಣಿ ದಾಟಿತೋ ಇಲ್ಲವೋ, ಅಕ್ಕ ಟ್ರಂಕಿನ ಮುಂದೆ ಹೋಗಿ ಕೂತು ಕೈ ಚಾಚಿದಳು. ಭಾವ ಕೀಲಿ ಕೊಟ್ಟರು.

"ಮುದಕಿ ಕೈಲೆ. ನನ್ನ ಕಾಲ ಹಿಡಿಸಿದ್ರಿ. ಯಾ ಪಾಪಕ್ಕ?" ಎಂದಳು. ದನಿ ಅದೇ ಸಪಾಟು ದನಿ, ಮಿಷಿನ್ನಿಗೆ ಸಿಟ್ಟು ಬರುವುದಿಲ್ಲ. ಆದರೆ ಇನ್ನೊಂದು ಕೈಯಲ್ಲಿ ಲಟ್ಟಣಿಗೆ ಇತ್ತು, ಒಂದೊಂದು ಮಾತಿಗೆ ಅದನ್ನು ನೆಲಕ್ಕೆ ಕುಟ್ಟುತ್ತಿದ್ದಳು.

ಭಾವ ಕಂಬಕ್ಕೆ ಒರಗಿ, "ಖರೆ ಹೇಳಿದ್ರ ಲಗ್ನ ಮುರಿತೈತಿ. ಮದಲಿನವ್ರು ಎದ್ದ ಹೋದದ್ದ ಮರತಿ ಏನ? ವರ್ಷಾನಗಟ್ಲೆ ಮೌನ ಐತಿ ಅಂತ ಹೇಳೂಣು. ಅಕ್ಕಿಕಾಳ ಬಿದ್ದಮ್ಯಾಲ ನೋಡಿಕೊಂಡ್ರಾತು" ಎಂದರು.

"ಆಮ್ಯಾಲ? ಮಗಳ ಬಾಣಂತನಕ ಬಂದ್ರ? ಮಮ್ಮಗಗ ಜೋಗುಳಾ ಹಾಡೂಮುಂದ? ಆವಾಗೂ ಮೌನಾನ?"

ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಅಳುತ್ತಿದ್ದಳು. ಆಕೆಗೆ ಆ ಹುಡುಗ ಬೇಕಾಗಿದ್ದ. ಅದು ಅಕ್ಕನಿಗೂ ಗೊತ್ತಿತ್ತು. ಹುಡುಗಿ ಮೂಗು ಒರೆಸಿಕೊಂಡು, "ಅವ್ವಾ, ನಿನಗ ಹೆಂಗ ಸರಿ ಕಾಣತೈತಿ ಹಂಗ ಮಾಡ" ಎಂದಳು. ಅಕ್ಕ ಲಟ್ಟಣಿಗೆ ಕೆಳಗಿಟ್ಟಳು. ಅಂದಿನಿಂದ ಆ ಮಾತನ್ನೇ ಎತ್ತಲಿಲ್ಲ. ಬೈದಿದ್ದರೆ ನಮಗೆ ಹಗುರಾಗುತ್ತಿತ್ತು. ಹುಕ್ಕೇರಿಯಿಂದ ಆಯಿ ಹಣ್ಣು ಕಳಿಸಿದಳು, "ಮೌನದ ತಾಯಿಗೆ" ಎಂದು ಹೇಳಿ ಕಳಿಸಿದಳು. ಅಕ್ಕ ಒಂದು ಹಣ್ಣನ್ನೂ ಮುಟ್ಟಲಿಲ್ಲ.

ನಿಶ್ಚಯದ ದಿನ ಗಾಡಿ ಮಾಡಿಕೊಂಡು ಗೋಕಾಕ ದಾಟಿ ಹುಕ್ಕೇರಿಗೆ ಹೊರಟೆವು. ದಾರಿಯುದ್ದಕ್ಕೂ ಭಾವ ಮುಂದಿನ ಸೀಟಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಅಕ್ಕ ಬೇಕೆಂದೇ ಹಸಿರು ಸೀರೆ ಉಟ್ಟಿದ್ದಳು, ಹಸಿರು ಪಟ್ಟಿ. ಮಿಷಿನ್ ಕೊರಳಲ್ಲಿರಲಿಲ್ಲ. ಟ್ರಂಕಿಗೆ ಹೋಯಿತು ಎಂದುಕೊಂಡೆ. ತಿರುವಿನಲ್ಲಿ ಗಾಡಿ ವಾಲಿದಾಗ ಆಕೆಯ ಎಲೆ-ಅಡಿಕೆ ಚೀಲ ನನ್ನ ಮೊಣಕೈಗೆ ತಾಗಿತು. ಒಳಗೆ ಗಟ್ಟಿಯಾಗಿ ಏನೋ ಇತ್ತು. ನಾನು ಆಕೆಯ ಮುಖ ನೋಡಿದೆ. ಆಕೆ ಕಿಟಕಿಯಾಚೆ ಕಬ್ಬು ನೋಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಕೂಡುವುದು ಎಷ್ಟು ಕಷ್ಟ ಎಂದು ನನಗೆ ಅಂದು ತಿಳಿಯಿತು.

ಹುಕ್ಕೇರಿ ಮನೆಯ ಪಡಸಾಲೆಯಲ್ಲಿ ಮಂದಿಯೋ ಮಂದಿ. ಅಷ್ಟು ಗದ್ದಲದಲ್ಲಿ ಮಿಷಿನ್ನಿನ ದನಿ ಯಾರಿಗೂ ಕೇಳಿಸದು ಎಂದುಕೊಂಡೆ. ಆದರೆ ಆಯಿಯೇ ಕೈ ಎತ್ತಿದಳು. "ಎಲ್ಲಾರೂ ಸುಮ್ಮನಾಗ್ರಿ. ಕೂಸುಗೋಳನ್ನ ಹೊರಗ ಒಯ್ರಿ. ತಾಯಿ ಮೌನ ಬಿಡ್ತಾರ." ಪಡಸಾಲೆ ಗಪ್ಪಾಯಿತು. ಹುಡುಗ ಹುಡುಗಿಯನ್ನು ಅಕ್ಕನ ಮುಂದೆ ಕೂಡಿಸಿದರು.

ಅಕ್ಕ ಚೀಲಕ್ಕೆ ಕೈ ಹಾಕಿ ಮಿಷಿನ್ ತೆಗೆದಳು. ಭಾವ ನೆಲ ನೋಡಿದರು.

"ಮೌನ ಅಲ್ಲರಿ."

ಆ ದನಿ ಕೇಳಿ ಹಿಂದಿನ ಸಾಲಿನ ಹೆಂಗಸೊಬ್ಬಳು "ಅವ್ವಾ!" ಎಂದು ಚೀರಿದಳು. ಅಕ್ಕ ನಿಲ್ಲಲಿಲ್ಲ. ಒಂದೊಂದು ಮಾತಿಗೆ ಗುಂಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಆ ಬೆಳಗಾವಿ ಹುಡುಗಿ ಕಲಿಸಿದ ಹಾಗೆ ಬಾಯಿ ದೊಡ್ಡದು ತೆಗೆದು ಹೇಳಿದಳು.

"ನನಗ ರೋಗ ಆಗಿತ್ತು. ಗಂಟಲ ಪೆಟ್ಟಿಗಿ ತಗದಾರ. ಈಗ ಆರಾಮ ಅದೇನಿ. ಅದು ಅಂಟೂ ರೋಗ ಅಲ್ಲ. ನನ್ನ ಮಗಳಿಗಿ ದನಿ ಐತಿ. ಭಾಳ ಐತಿ. ಲಗ್ನ ಆದಮ್ಯಾಲ ನಿಮಗ ತಿಳೀತೈತಿ."

ಎಲ್ಲೋ ಒಬ್ಬರು ನಕ್ಕು ಬಾಯಿ ಮುಚ್ಚಿಕೊಂಡರು. ಹುಡುಗನ ಕಾಕಾ ಎದ್ದು ನಿಂತು ಧೋತರ ಸರಿಮಾಡಿಕೊಂಡ. ಅವನ ಹಿಂದೆ ಇನ್ನಿಬ್ಬರು ಎದ್ದರು. ನಮ್ಮ ಹುಡುಗಿ ತಲೆ ಎತ್ತಲಿಲ್ಲ, ಕಣ್ಣೀರು ಟಪಟಪ ಉಡಿಯಲ್ಲಿ ಬೀಳುತ್ತಿತ್ತು. ಆಗಿಹೋಯಿತು, ಮುರಿಯಿತು ಎಂದುಕೊಂಡೆ.

ಅಕ್ಕ ಆಯಿಯ ಕಡೆ ತಿರುಗಿದಳು. "ನೀವು ದೊಡ್ಡವರು. ತಪ್ಪ ತಿಳದ. ನನ್ನ ಕಾಲ ಹಿಡದ್ರಿ. ಅದು ನಂದಲ್ಲ. ತಿರಗಿ ಕೊಡಾಕ ಬಂದೇನಿ."

ಹೇಳಿ, ಮಿಷಿನ್ ಮುಷ್ಟಿಯಲ್ಲಿ ಹಿಡಿದುಕೊಂಡೇ ಬಾಗಿ, ಆಯಿಯ ಕಾಲ ಮೇಲೆ ಹಣೆ ಇಟ್ಟಳು. ಬಾಗಿದಾಗ ಪಟ್ಟಿ ಸರಿದು ಕೊರಳಿನ ತೂತು ಎಲ್ಲರಿಗೂ ಕಂಡಿತು. ಆಕೆ ಮುಚ್ಚಿಕೊಳ್ಳಲಿಲ್ಲ. ಎಂಥ ಗಟ್ಟಿ ಜೀವ! ನನ್ನ ಜನ್ಮದಲ್ಲಿ ನಾನು ಯಾರ ಬಗ್ಗೆಯೂ ಅಷ್ಟು ಹೆಮ್ಮೆ ಪಟ್ಟಿಲ್ಲ.

ಆಯಿ ಎದ್ದು ನಿಂತಿದ್ದ ತನ್ನ ಮಗನಿಗೆ, ಆ ಕಾಕಾನಿಗೆ, "ಕುಂಡರೋ. ನಾ ಇನ್ನಾ ಸತ್ತಿಲ್ಲ" ಎಂದಳು. ಅಕ್ಕನ ಭುಜ ಹಿಡಿದು ಎಬ್ಬಿಸಿದಳು. ಮಿಷಿನ್ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು, ತನ್ನ ಸುಕ್ಕು ಕೊರಳಿಗೆ ಹಚ್ಚಿ ಗುಂಡಿ ಒತ್ತಿದಳು. ಗುಂಯ್ ಎಂದದ್ದಕ್ಕೆ ಬೆಚ್ಚಿ ತೆಗೆದಳು. "ಇದನ್ನ ಹಚಗೊಂಡ ಇಷ್ಟ ಮಾತ ಆಡೀದಿ ಏನ ನನ ಮಗಳ? ನನಗ ಒಂದ ಅಕ್ಷರಾ ಬರಾಂಗಿಲ್ಲ" ಎಂದಳು. ಬಳಿಕ ಭಾವನ ಕಡೆ ತಿರುಗಿದಳು. "ಏನ್ರಿ ಬೀಗರ, ಸ್ವಂತ ಗಂಟಲ ಇಟಗೊಂಡ ನೀವು ಸುಳ್ಳ ಹೇಳಿದ್ರಿ. ಆಕಿ ಮಿಷಿನ್ ಹಚಗೊಂಡ ಖರೆ ಹೇಳಿದ್ಲು. ಈ ತಾಯಿ ಮಗಳು ನಮಗ ಬೇಕ್ರಿ. ಎಲಿ ಅಡಿಕಿ ತರ್ರಿ."

ಗದ್ದಲ ತಿರುಗಿ ಶುರುವಾಯಿತು. ಕಾಕಾನ ಮುಖ ಇನ್ನೂ ಬಿಗಿದುಕೊಂಡೇ ಇತ್ತು, ಆದರೆ ಆಯಿಯ ಮಾತು ದಾಟುವವರು ಆ ಮನೆಯಲ್ಲಿರಲಿಲ್ಲ. ಎಲೆ ಅಡಿಕೆ ಬದಲಾಯಿತು. ಹುಡುಗಿಯ ಉಡಿ ತುಂಬಿದರು. ಉಡಿ ತುಂಬಿದ ಮೇಲೆ ಒಡಪು ಬರಲೇಬೇಕಲ್ಲ. ಒಬ್ಬೊಬ್ಬರಾಗಿ ಹೇಳಿದರು, ನಾನು ನನ್ನ ಹಳೆಯದನ್ನೇ ಹೇಳಿದೆ. ಅಕ್ಕ ರೂಢಿಯಂತೆ ಕೈ ಮುಗಿದು ಸರಿಯಹೋದಳು. ಆಯಿ ಸೆರಗು ಹಿಡಿದಳು. "ಎಲ್ಲಿಗಿ ಹೊಂಟಿ? ಇಷ್ಟ ಮಂದ್ಯಾಗ ನಮಗೆಲ್ಲಾ ಖರೆ ಹೇಳಿದಿ. ಗಂಡನ ಹೆಸರ ಹೇಳ."

ಅಕ್ಕ ನನ್ನನ್ನು ನೋಡಿದಳು. "ಹೇಳ ಯಕ್ಕಾ" ಎಂದೆ. ಆಕೆ ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತಳು. ಹೊಂದಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಮಿಷಿನ್ ಎತ್ತಿದಳು.

"ಗೋಕಾವಿ ಕರದಂಟಿನ್ಯಾಗ. ಬೆಲ್ಲ ಎಷ್ಟರ ಇರಲಿ.
ದನಿ ಹೋದ ಕೊಳ್ಳಾಗ. ಮಿಷಿನ್ ಇದ್ರ ಇರಲಿ.
ಸುಳ್ಳ ಹೇಳಿದ್ರೂ ನನ್ನವರು. ನನ್ನ ಬಾಜೂಕನ ಇರಲಿ."

ಕೊನೆಗೆ ಹೆಸರು ಹೇಳಿದಳು. ಭಾವನ ಹೆಸರು ನಾನು ಬಾಯಿಬಿಟ್ಟು ಹೇಳುವಂತಿಲ್ಲ, ಬರೆಯುವಂತೆಯೂ ಇಲ್ಲ. ಹೆಂಗಸರು ಹೋ ಎಂದರು, ಆಯಿ ಚಪ್ಪಾಳೆ ತಟ್ಟಿದಳು. ನಾನು ಬಾಗಿಲ ಕಡೆ ನೋಡಿದೆ. ಭಾವ ಅಲ್ಲಿ ಬಂದು ನಿಂತಿದ್ದರು. ಈ ಸಲ ನೀರು ಬೇಕು ಎನ್ನಲಿಲ್ಲ, ಚಪ್ಪಲಿ ಹುಡುಕಲಿಲ್ಲ. ಟೊಪ್ಪಿಗೆ ಕೈಯಲ್ಲಿ ಹಿಡಿದಿದ್ದರು, ಕಣ್ಣು ತುಂಬಿತ್ತು. ಅಷ್ಟು ಬೀಗರ ಮುಂದೆ, ಅಷ್ಟು ಹೆಂಗಸರ ನಡುವೆ, ಆ ಮನುಷ್ಯ ಬಾಯಿಬಿಟ್ಟು ಕೇಳಿದರು.

"ಇನ್ನೊಂದ ಸಲ ಹೇಳ."

ಅಕ್ಕ ಮಿಷಿನ್ನಿನ ದನಿ ಏರಿಸುವ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಮತ್ತೆ ಕೊರಳಿಗೆ ಒತ್ತಿಕೊಂಡು, ಹೊರಗಿನ ಕಟ್ಟೆಗೂ ಕೇಳುವ ಹಾಗೆ, ಹೆಸರು ಹೇಳಿದಳು.